ಊರಲ್ಲಿಲ್ಲದ ಕುರಿಗಳನ್ನು ಲೆಕ್ಕಕ್ಕೆ ತಂದದ್ದು

ನಮ್ಮೂರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಗೋಮಾಳ ಇದೆ ಅಂತ ಒಂದು ವರದಿ ತಯಾರಾಗಿತ್ತು. ಜಾಸ್ತಿ ಇರುವ ಭಾಗವನ್ನು ಬೇರೆ ಉದ್ದೇಶಕ್ಕೆ ಕೊಡಬಹುದು ಎಂಬ ಮಾತೂ ಅದರಲ್ಲಿತ್ತು. ಈ ಸುದ್ದಿ ನಮಗೆ ಗೊತ್ತಾಗಿದ್ದು ಪಂಚಾಯಿತಿ ಸದಸ್ಯರೊಬ್ಬರ ಬಾಯಿಂದ. ಹಟ್ಟಿಯಲ್ಲಿ ಯಾರೂ ನಂಬಲಿಲ್ಲ. ಮುಂಗಾರು ಶುರುವಾಗಿ ಕುರಿಯೆಲ್ಲ ವಾಪಸ್ ಬಂದ ಮೇಲೆ ಆ ಗೋಮಾಳದಲ್ಲಿ ಕಾಲಿಡುವುದಕ್ಕೂ ಜಾಗ ಇರುವುದಿಲ್ಲ. ಅದು ಜಾಸ್ತಿ ಹೇಗಾದೀತು?

ನಾನು ಪಶುಸಖಿ. ಮಹಿಳಾ ಸಂಘದ ಕಡೆಯಿಂದ ತರಬೇತಿ ಪಡೆದು ಹಟ್ಟಿಯ ಕುರಿ, ಮೇಕೆ, ದನಗಳ ಆರೋಗ್ಯ ನೋಡಿಕೊಳ್ಳುತ್ತೇನೆ. ಜಂತಿನ ಔಷಧಿ ಹಾಕುವುದು, ಲಸಿಕೆ ಹಾಕುವ ದಿನ ಡಾಕ್ಟರ ಜೊತೆ ಓಡಾಡುವುದು, ಯಾರ ಹಿಂಡಿಗೆ ಯಾವಾಗ ಏನು ಹಾಕಿದೆವು ಅಂತ ಬರೆದಿಡುವುದು ನನ್ನ ಕೆಲಸ. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಣ ಸೀಮೆ. ಶೇಂಗಾ ನಂಬಿಕೊಂಡ ನೆಲ. ಇಲ್ಲಿ ಕುರುಬರು, ಕಾಡುಗೊಲ್ಲರು, ಮ್ಯಾಸ ನಾಯಕರು ಎಲ್ಲರ ಹಟ್ಟಿಯಲ್ಲೂ ಕುರಿ ಇದೆ, ದನ ಇದೆ, ದೇವರ ಎತ್ತುಗಳಿವೆ. ಮಳೆ ಕೈಕೊಟ್ಟ ವರ್ಷ ಹೊಲದಿಂದ ಬೀಜದ ದುಡ್ಡೂ ವಾಪಸ್ ಬರುವುದಿಲ್ಲ. ಅಂಥ ವರ್ಷ ಸಂತೆಯಲ್ಲಿ ಟಗರು ಮರಿ ಮಾರಿಯೇ ಮನೆಗೆ ಕಾಳು ಬರುತ್ತದೆ, ಮಕ್ಕಳ ಫೀಸು ಹೋಗುತ್ತದೆ. ನಮ್ಮ ಕಡೆ ಆಹಾರ ಭದ್ರತೆ ಅಂದರೆ ಅರ್ಧ ಪಾಲು ಅದೇ.

ಮೊದಲು ವರದಿಯ ನಕಲು ಬೇಕಿತ್ತು. ಬಾಯಿ ಮಾತಲ್ಲಿ ಕೇಳಿದರೆ ಯಾರೂ ಕೊಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದಲ್ಲಿ ಈ ಮಿತಿ ಇದೆ ಅಂತ ನಮಗೆ ಹೇಳಿಕೊಟ್ಟಿದ್ದು ತಾಲ್ಲೂಕಿನ ಟೈಪಿಂಗ್ ಅಂಗಡಿಯ ಅಣ್ಣ. ಅವರೇ ಎರಡು ವಿಷಯವನ್ನು ಎರಡು ಅರ್ಜಿ ಮಾಡಿಸಿದರು. ಒಂದರಲ್ಲಿ ಆ ವರದಿ ಮತ್ತು ಅದಕ್ಕೆ ಆಧಾರವಾದ ಜಾನುವಾರು ಪಟ್ಟಿ ಕೇಳಿದೆವು. ಇನ್ನೊಂದರಲ್ಲಿ ಗೋಮಾಳದ ಸರ್ವೆ ನಂಬರಿನ ಹಳೇ ದಾಖಲೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಗ್ರಾಮ ನಕ್ಷೆ ಕೇಳಿದೆವು.

ಕಾಗದ ಕೈಗೆ ಬಂದ ಮೇಲೆ ಲೆಕ್ಕ ಅರ್ಥವಾಯಿತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರದ್ದು. ಅದರ 71ನೇ ಕಲಮಿನಲ್ಲಿ ಊರಿನ ಜಾನುವಾರುಗಳ ಉಚಿತ ಮೇವಿಗೆ ಸರ್ಕಾರಿ ಜಮೀನು ಮೀಸಲಿಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಎಷ್ಟು ಮೀಸಲಿಡಬೇಕು ಎನ್ನುವುದು 1966ರ ಭೂಕಂದಾಯ ನಿಯಮಗಳ 97ನೇ ನಿಯಮದಲ್ಲಿದೆ. ನೂರು ಜಾನುವಾರಿಗೆ 12 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 30 ಎಕರೆ. ಅಂದರೆ ಗೋಮಾಳ ಎಷ್ಟು ಬೇಕು ಅನ್ನುವುದನ್ನು ಊರಿನ ಜಾನುವಾರು ಸಂಖ್ಯೆಯೇ ತೀರ್ಮಾನ ಮಾಡುತ್ತದೆ. ಸಂಖ್ಯೆ ಕಡಿಮೆ ಬರೆದರೆ ಸಾಕು. ಯಾರೂ ಒತ್ತುವರಿ ಮಾಡಬೇಕಾಗಿಲ್ಲ, ನೆಲ ತಾನಾಗಿಯೇ ಹೆಚ್ಚುವರಿ ಆಗುತ್ತದೆ.

ವರದಿಯಲ್ಲಿ ಬರೆದಿದ್ದ ಕುರಿಗಳ ಸಂಖ್ಯೆ ನನ್ನ ಲಸಿಕೆ ಪುಸ್ತಕದಲ್ಲಿದ್ದ ಸಂಖ್ಯೆಯ ಅರ್ಧಕ್ಕೂ ಕಡಿಮೆ ಇತ್ತು. ಪಟ್ಟಿಯ ಕೆಳಗಿನ ತಾರೀಕು ನೋಡಿದೆ. ಮಾರ್ಚ್ ತಿಂಗಳು.

ಮಾರ್ಚ್‌ನಲ್ಲಿ ನಮ್ಮ ಹಟ್ಟಿಯಲ್ಲಿ ಕುರಿ ಎಲ್ಲಿರುತ್ತವೆ? ಶೇಂಗಾ ಕಿತ್ತು, ಹೊಲದ ಬಳ್ಳಿ ಮೇಯಿಸಿ ಮುಗಿದ ಮೇಲೆ ಹಿಂಡುಗಳು ಪಶ್ಚಿಮಕ್ಕೆ ಹೊರಡುತ್ತವೆ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ದ ಗದ್ದೆಗಳಿರುತ್ತವೆ, ಕಾಲುವೆ ಬದಿಯಲ್ಲಿ ಹಸಿರಿರುತ್ತದೆ, ನೀರಿರುತ್ತದೆ. ಬೇಸಿಗೆಯೆಲ್ಲ ಅಲ್ಲೇ. ರೋಹಿಣಿ ಮಳೆ ಹೊತ್ತಿಗೆ ವಾಪಸ್. ಊರಲ್ಲಿ ಉಳಿಯುವುದು ಕುಂಟುವ ಕುರಿ, ಆಗ ತಾನೇ ಈದ ಕುರಿ, ಮನೆಯಲ್ಲಿ ಕಟ್ಟಿ ಸಾಕುವ ಮರಿಗಳು ಮಾತ್ರ. ಪಟ್ಟಿ ಬರೆದವರು ಅವನ್ನೇ ಎಣಿಸಿದ್ದಾರೆ. ಸುಳ್ಳು ಬರೆದಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವತ್ತು ಊರಲ್ಲಿದ್ದದ್ದು ಅಷ್ಟೇ.

ಕಾಯ್ದೆಯ ಮುಂದಿನ ಕಲಂ ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. 72ನೇ ಕಲಮಿನ ಪ್ರಕಾರ ಗೋಮಾಳದಲ್ಲಿ ಮೇಯುವ ಹಕ್ಕು ಆಯಾ ಊರಿನ ಜಾನುವಾರುಗಳಿಗೆ ಮಾತ್ರ. ಅಂದರೆ ನಮ್ಮ ಕುರಿಗಳು ಅರ್ಧ ವರ್ಷ ಕಳೆಯುವ ಊರುಗಳಲ್ಲಿ ಅವಕ್ಕೆ ಹಕ್ಕಿಲ್ಲ, ಅಲ್ಲಿ ಅವು ಹೊರಗಿನವು. ಅಲ್ಲಿಗೆ ಹೋದ ಕಾರಣಕ್ಕೆ ಸ್ವಂತ ಊರಿನ ಪಟ್ಟಿಯಲ್ಲೂ ಅವಿಲ್ಲ. ಇಷ್ಟು ಸಾವಿರ ಪ್ರಾಣಿ ಕಣ್ಣೆದುರಿಗೇ ಓಡಾಡುತ್ತವೆ, ಮಾಂಸದ ಅಂಗಡಿಗೆ ಹೋಗುತ್ತವೆ, ಗದ್ದೆಗೆ ಗೊಬ್ಬರ ಕೊಡುತ್ತವೆ. ಕಾಗದದಲ್ಲಿ ಮಾತ್ರ ಎಲ್ಲೂ ಇಲ್ಲ.

ಆಕ್ಷೇಪಣೆ ಬರೆಯಬೇಕಾದರೆ ನಮ್ಮದೇ ಲೆಕ್ಕ ಬೇಕು. ಸುಮ್ನೆ "ಜಾಸ್ತಿ ಇವೆ" ಅಂದರೆ ಯಾರು ಕೇಳುತ್ತಾರೆ? ಮನೆ ಮನೆಗೆ ಹೋಗಿ ಮಾಲೀಕರ ಹೆಸರು, ಹಿಂಡು ಯಾರ ಜೊತೆ ಹೋಗಿದೆ, ಈಗ ಎಲ್ಲಿದೆ ಅಂತ ಬರೆದುಕೊಂಡೆ. ಒಂದೊಂದು ಹಿಂಡಿನಲ್ಲಿ ನಾಲ್ಕೈದು ಮನೆಯ ಕುರಿ ಸೇರಿರುತ್ತವೆ. ಕಿವಿಯ ಗುರುತು ಬೇರೆ ಬೇರೆ. ಫೋನಿನಲ್ಲಿ ಕೇಳಿದರೆ ಒಬ್ಬರು "ಅಂದಾಜು ಇನ್ನೂರು ಅಂತ ಬರ್ಕಳಮ್ಮ" ಅಂದರು. ಇನ್ನೊಬ್ಬರು ಸಂಖ್ಯೆ ಹೇಳುವುದಕ್ಕೇ ಒಪ್ಪಲಿಲ್ಲ. ಕುರಿ ಎಣಿಸಿ ಬಾಯಲ್ಲಿ ಹೇಳಿದರೆ ದೃಷ್ಟಿಯಾಗುತ್ತೆ ಅನ್ನುವ ನಂಬಿಕೆ ಹಿರಿಯರಲ್ಲಿದೆ. ಅದನ್ನು ನಾನು ಪ್ರಶ್ನಿಸಲಿಲ್ಲ. ಅಂಥವರ ಹಿಂಡಿಗೆ ಲಸಿಕೆ ಪುಸ್ತಕ ನೆರವಾಯಿತು. ಕುರಿ ಮೇಕೆಗೆ ಬರುವ ಪಿಪಿಆರ್ ರೋಗದ ಲಸಿಕೆ ಹಾಕಿದ ದಿನ ಎಷ್ಟು ಡೋಸ್ ಖರ್ಚಾಯಿತು, ಯಾರ ಹಿಂಡಿಗೆ ಅಂತ ತಾರೀಕಿನ ಸಮೇತ ಅದರಲ್ಲಿತ್ತು, ಡಾಕ್ಟರ ಸಹಿಯೂ ಇತ್ತು. ನಮ್ಮ ಕಡೆ ಹಿರೇಬೇನೆ ಅನ್ನುವ ಈ ರೋಗವನ್ನು 2030ರೊಳಗೆ ಜಗತ್ತಿನಿಂದಲೇ ತೊಲಗಿಸಬೇಕು ಅಂತ ಗುರಿ ಇಟ್ಟುಕೊಂಡಿದ್ದಾರೆ. ಆ ಕೆಲಸಕ್ಕೆ ಬರೆದಿಟ್ಟ ಪುಸ್ತಕ ಗೋಮಾಳದ ಸಾಕ್ಷಿಯಾಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಉಳಿದ ಹಿಂಡುಗಳನ್ನು ಅಲ್ಲಿಗೇ ಹೋಗಿ ನೋಡೋಣ ಅಂತ ನಾನೂ ಸಂಘದ ಇಬ್ಬರು ಅಕ್ಕಂದಿರೂ ಬಸ್ಸು ಹತ್ತಿದೆವು. ನಮ್ಮ ಮಾವನವರ ಹಿಂಡು ಚನ್ನಗಿರಿ ಕಡೆ ಒಂದು ಗದ್ದೆಯಲ್ಲಿತ್ತು. ನಾವು ಹೋದಾಗ ಬೆಳಗ್ಗೆ. ಬಿಸಿಲು ಬಂದಿತ್ತು, ಆದರೂ ಕುರಿಗಳು ರಾತ್ರಿ ಕೂಡುವ ಬಲೆಯೊಳಗೇ ನಿಂತಿದ್ದವು. ಜೊತೆಗೆ ಬಂದಿದ್ದ ಅಕ್ಕ "ಇನ್ನೂ ಯಾಕೆ ಬಿಟ್ಟಿಲ್ಲ ಮಾವ?" ಅಂದರು. ಮಾವ ಬಗ್ಗಿ ಹುಲ್ಲಿಗೆ ಕೈ ಸವರಿ ಅಂಗೈ ತೋರಿಸಿದರು. ಒದ್ದೆ ಇತ್ತು. "ಇಬ್ಬನಿ ಆರ್ಲಿ. ಈಗ ಬಿಟ್ರೆ ಹೊಟ್ಟೆಗೆ ಜಂತು ಹೋಗುತ್ತೆ" ಅಂದರು. ತರಬೇತಿಯಲ್ಲಿ ನನಗೆ ಇದನ್ನೇ ಪಟ ತೋರಿಸಿ ಹೇಳಿಕೊಟ್ಟಿದ್ದರು. ಜಂತಿನ ಮರಿಗಳು ಒದ್ದೆ ಹುಲ್ಲಿನ ತುದಿಗೆ ಹತ್ತಿರುತ್ತವೆ, ಬಿಸಿಲೇರಿದ ಮೇಲೆ ಕೆಳಗಿಳಿಯುತ್ತವೆ. ಮಾವ ಶಾಲೆಗೆ ಹೋದವರಲ್ಲ.

ಎಣಿಕೆ ಹೀಗಾಯಿತು. ಬಲೆಯ ಒಂದು ಮೂಲೆಯ ಗೂಟ ಕಿತ್ತು, ಎರಡು ಕುರಿ ಮಾತ್ರ ಒಟ್ಟಿಗೆ ದಾಟುವಷ್ಟು ಜಾಗ ಮಾಡಿದರು. ಮಾವ ಒಂದು ಕಡೆ, ಮೈದುನ ಇನ್ನೊಂದು ಕಡೆ. ಜೋಡಿ ದಾಟಿದ ಹಾಗೆಲ್ಲ ನಾನು ಗೀಟು ಎಳೆದೆ. ಮರಿಗಳು ನಡುವೆ ನುಗ್ಗಿ ಲೆಕ್ಕ ತಪ್ಪುತ್ತಿತ್ತು. ಅದಕ್ಕೆ ಅವುಗಳಿಗೆ ಬೇರೆ ಪುಟ ಮಾಡಿದೆ. ಕೊನೆಯ ಕುರಿ ದಾಟಿದ ಮೇಲೆ ಮಾವ "ಒಂದು ಕಮ್ಮಿ ಐತೆ" ಅಂದರು. ನನ್ನ ಪುಸ್ತಕ ನೋಡಿರಲಿಲ್ಲ, ಬಾಯಲ್ಲಿ ಎಣಿಸಿಯೂ ಇರಲಿಲ್ಲ. "ಬೊಟ್ಟಿನ ಕುರಿ ಬರ್ಲಿಲ್ಲ" ಅಂತ ಬಲೆಯ ಹಿಂದೆ ಹೋಗಿ ನೋಡಿದರೆ ಹಣೆ ಮೇಲೆ ಬಿಳಿ ಬೊಟ್ಟಿದ್ದ ಕುರಿಯೊಂದು ಮಲಗಿತ್ತು. ರಾತ್ರಿ ಈದಿತ್ತು. ಆ ಮರಿಯನ್ನೂ ಬರೆದುಕೊಂಡೆ.

ಗದ್ದೆಯವರು ಅಷ್ಟೊತ್ತಿಗೆ ಬಂದರು. ಇನ್ನೂ ಎರಡು ರಾತ್ರಿ ಮಂದೆ ಇಲ್ಲೇ ಇರಲಿ, ಆ ಕಡೆಯ ಮಡಿಗೂ ಗೊಬ್ಬರ ಬೀಳಲಿ ಅಂತ ಕೇಳಿದರು. ಕುರಿ ನಿಲ್ಲಿಸಿದ್ದಕ್ಕೆ ಸ್ವಲ್ಪ ದುಡ್ಡು, ಸ್ವಲ್ಪ ಭತ್ತ ಅಂತ ಮಾತಾಗಿತ್ತು. ಅಡಿಕೆ ತೋಟದವರಂತೂ ಕುರಿಗೊಬ್ಬರಕ್ಕೆ ಮೊದಲೇ ಹೇಳಿಟ್ಟಿರುತ್ತಾರೆ. ನಾನು ಆ ಗದ್ದೆಯವರ ಹತ್ತಿರ ಒಂದು ಕಾಗದ ಕೇಳಿದೆ. ಈ ಹಿಂಡು ಇಂಥ ಹಟ್ಟಿಯದು, ಪ್ರತಿ ವರ್ಷ ಈ ಕಾಲದಲ್ಲಿ ನಮ್ಮ ಜಮೀನಿನಲ್ಲಿ ನಿಲ್ಲುತ್ತದೆ ಅಂತ. ಅವರು ಹಿಂದೆ ಮುಂದೆ ನೋಡದೆ ಬರೆದುಕೊಟ್ಟರು. ತಮ್ಮ ತಂದೆಯ ಕಾಲದಿಂದ ಬರುತ್ತಿದ್ದಾರೆ ಅನ್ನುವ ಸಾಲನ್ನು ಅವರೇ ಸೇರಿಸಿದರು. ಬೇರೆ ಹಿಂಡುಗಳು ನಿಂತ ಕಡೆಯೂ ಇಂಥದ್ದೇ ಕಾಗದ ತಂದೆವು. ಕುರಿ ಊರಲ್ಲಿಲ್ಲದ ತಿಂಗಳಲ್ಲಿ ಎಲ್ಲಿದ್ದವು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಮಗೆ ಬೇರೆ ಸಿಗಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಕಂಬಳಿ ಹಾಸಿ ಮಾತಾಡುತ್ತಾ ಕೂತಾಗ ರೇಷನ್ ವಿಷಯ ಬಂತು. ಈಗ ಕಾರ್ಡು ಯಾವ ಊರಿನದಾದರೂ ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತಗೊಳ್ಳಬಹುದು. ಒಂದು ದೇಶ ಒಂದು ಪಡಿತರ ಚೀಟಿ ಬಂದಿದ್ದೇ ಇಂಥ ಅಲೆಯುವ ಜನರಿಗಾಗಿ. ಆದರೆ ನಮ್ಮವರಿಗೆ ಎರಡು ತೊಂದರೆ ಇದೆ. ಅಂಗಡಿ ತೆಗೆಯುವ ಹೊತ್ತಿಗೆ ಕುರಿ ಬಿಟ್ಟು ಹೋಗುವುದಕ್ಕಾಗುವುದಿಲ್ಲ. ಹೋದರೂ ಬೆರಳಚ್ಚು ಕೂಡಿ ಬರುವುದಿಲ್ಲ. ಮಾವ ತಮ್ಮ ಹೆಬ್ಬೆರಳು ದೀಪದ ಬೆಳಕಿಗೆ ಹಿಡಿದರು. ಬಲೆಯ ಹಗ್ಗ ಎಳೆದು, ಮುಳ್ಳು ಕಡಿದು, ಗೆರೆಯೇ ಸವೆದು ಹೋಗಿತ್ತು. ಹಾಗಾಗಿ ಊರಲ್ಲಿ ಉಳಿದ ಅತ್ತೆ ಅಕ್ಕಿ ತಗೊಂಡು, ಊರಿಗೆ ಬಂದು ಹೋಗುವವರ ಕೈಲಿ ಚೀಲ ಕಳಿಸುತ್ತಾರೆ. ಆಹಾರ ನೀತಿ ಮಾಡುವವರು ಇಂಥ ಒಂದು ರಾತ್ರಿ ಕುರಿ ಮಂದೆಯಲ್ಲಿ ಕಳೆದರೆ ಒಳ್ಳೆಯದು ಅಂತ ನನಗೆ ಅನ್ನಿಸಿತು. ವಲಸೆಯ ದಾರಿಯ ಅಂಗಡಿಗಳಲ್ಲಿ ಬೆರಳಿನ ಬದಲು ಕಣ್ಣಿನ ಗುರುತು ಹಿಡಿಯುವ ಯಂತ್ರ ಇಟ್ಟರೂ ಎಷ್ಟೋ ಅನುಕೂಲ.

ಲೆಕ್ಕ, ಲಸಿಕೆ ಪುಸ್ತಕದ ನಕಲು, ಗದ್ದೆಯವರ ಕಾಗದ ಎಲ್ಲ ಸೇರಿಸಿ ಆಕ್ಷೇಪಣೆ ಸಲ್ಲಿಸಿದೆವು. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ ಅದನ್ನೂ ಲಗತ್ತಿಸಿದೆವು. ಠರಾವಿಗೆ ಜನ ಸೇರಿಸುವುದೇ ದೊಡ್ಡ ಕೆಲಸವಾಯಿತು, ಗಂಡಸರಲ್ಲಿ ಅರ್ಧ ಜನ ಕುರಿ ಹಿಂದೆ ಹೋಗಿದ್ದರು. ಹೆಂಗಸರು ಬಂದರು. ಅವತ್ತಿನ ಹಾಜರಿ ಪುಸ್ತಕದಲ್ಲಿ ನಮ್ಮ ಸಹಿಗಳೇ ಜಾಸ್ತಿ. ಊರಿನ ಸಾಮೂಹಿಕ ಜಮೀನು ಉಳಿಸಬೇಕು ಅಂತ ಸುಪ್ರೀಂ ಕೋರ್ಟು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನೂ ಅರ್ಜಿಯಲ್ಲಿ ಬರೆದೆವು. ಟೈಪಿಂಗ್ ಅಂಗಡಿಯ ಅಣ್ಣನಿಗೆ ಅದು ಬಾಯಿಪಾಠ.

ವಿಚಾರಣೆಯ ದಿನ ಅಧಿಕಾರಿಯೊಬ್ಬರು ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. "ಅಲ್ಲಮ್ಮ, ಆ ಗೋಮಾಳದಲ್ಲಿ ಹುಲ್ಲೇ ಇಲ್ಲ, ಬರೀ ಜಾಲಿ. ಅದನ್ನು ಇಟ್ಟುಕೊಂಡು ಏನು ಮಾಡ್ತೀರಿ?"

ಪ್ರಶ್ನೆ ಕೆಟ್ಟದಾಗಿರಲಿಲ್ಲ. ನಮ್ಮ ಗೋಮಾಳದ ಒಂದು ಭಾಗ ಬಳ್ಳಾರಿ ಜಾಲಿ ಹಬ್ಬಿ ಒಳಗೆ ನುಗ್ಗಲು ಆಗದಂತಾಗಿದೆ. ಅದರ ಕಾಯಿಯನ್ನು ಕುರಿಗಳೇ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಅದರ ಕೆಳಗೆ ಹಂಚಿಯಂಥ ಹುಲ್ಲು ಏಳುವುದಿಲ್ಲ. ಉಳಿದ ಭಾಗದಲ್ಲಿ ಹುಲ್ಲು ಬರುತ್ತದೆ, ಆದರೆ ಬಲಿಯುವುದಕ್ಕೆ ಬಿಡುವುದಿಲ್ಲ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕುರಿ ಅಲೆಯುವುದರಿಂದ ಒಣ ನೆಲಕ್ಕೆ ಒಳ್ಳೆಯದು ಅಂತ ನಾವು ಎಲ್ಲ ಕಡೆ ಹೇಳುತ್ತೇವೆ. ಅದು ನಿಜ. ಮಳೆ ಇಲ್ಲಿ ಒಂದು ಊರಿಗೆ ಬಿದ್ದರೆ ಪಕ್ಕದ ಊರಿಗೆ ಬೀಳುವುದಿಲ್ಲ. ಒಂದೇ ಕಡೆ ಕಟ್ಟಿಹಾಕಿ ಮೇಯಿಸಿದರೆ ಬೇರೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಹಿಂಡು ಹೊರಗೆ ಹೋಗುವುದರಿಂದಲೇ ಮಣ್ಣು ಗೊರಸಿಗೆ ಸಿಕ್ಕಿ ಧೂಳಾಗದೆ ಉಳಿದಿದೆ. ಆದರೆ ಹಿಂಡು ವಾಪಸ್ ಬರುವುದು ಎಳೆ ಹುಲ್ಲು ಆಗ ತಾನೇ ಚಿಗುರುವಾಗ. ಆ ಹೊತ್ತಿನಲ್ಲೇ ಎಲ್ಲ ಕುರಿಯೂ ಒಂದೇ ಜಾಗಕ್ಕೆ ನುಗ್ಗಿದರೆ ಹುಲ್ಲಿಗೆ ಬೀಜ ಕಟ್ಟುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಹಿಂದೆ ಇದಕ್ಕೆ ದಾರಿ ಇತ್ತು ಅಂತ ಹಿರಿಯರು ಹೇಳುತ್ತಾರೆ. ಮುಂಗಾರಿನಲ್ಲಿ ಹಿಂಡುಗಳು ಮೊದಲು ಕಾವಲಿಗೆ (ಮೇವಿಗೆ ಬಿಟ್ಟ ದೊಡ್ಡ ಹುಲ್ಲುಗಾವಲು), ಗುಡ್ಡದ ಅಂಚಿಗೆ ಹೋಗುತ್ತಿದ್ದವು. ಊರಿನ ಗೋಮಾಳ ದನಗಳಿಗೆ ಉಳಿಯುತ್ತಿತ್ತು. ಮೈಸೂರು ಅರಸರ ಕಾಲದಿಂದ ಬಂದ ಅಮೃತ ಮಹಲ್ ದನಗಳ ಕಾವಲುಗಳು ಈ ಸೀಮೆಯ ತುಂಬ ಇದ್ದವು. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ 2009ರಿಂದೀಚೆಗೆ ಡಿಆರ್‌ಡಿಒ (ರಕ್ಷಣಾ ಸಂಶೋಧನೆ), ಬಾರ್ಕ್ (ಅಣು ಸಂಶೋಧನೆ), ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹೋಯಿತು. ಗೋಡೆ ಎದ್ದಿತು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಪಕ್ಕದ ಪಾವಗಡದಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ಅಲ್ಲಿ ಜಮೀನು ಗುತ್ತಿಗೆ ಕೊಟ್ಟ ರೈತರಿಗೆ ಪ್ರತಿ ವರ್ಷ ದುಡ್ಡು ಬರುತ್ತದೆ. ಆ ಬೀಳು ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರಿಗೆ ಜಮೀನಿರಲಿಲ್ಲ, ಹಾಗಾಗಿ ಅವರಿಗೆ ಬರುವ ದುಡ್ಡೂ ಇಲ್ಲ. ದೇಶಕ್ಕೆ ವಿಜ್ಞಾನವೂ ಬೇಕು, ಕರೆಂಟೂ ಬೇಕು. ಹುಲ್ಲುಗಾವಲನ್ನು ಪಾಳು ಭೂಮಿ ಅಂತ ಬರೆದುಕೊಂಡು ಖಾಲಿ ಜಾಗದ ಹಾಗೆ ಹಂಚುವುದಕ್ಕೆ ನನ್ನ ವಿರೋಧ. ಅಲ್ಲಿ ಮೇಯುತ್ತಿದ್ದ ಹಿಂಡುಗಳು ಈಗ ಊರಿನ ಗೋಮಾಳದ ಮೇಲೆ ಬಂದು ನಿಂತಿವೆ. ಹುಲ್ಲಿಲ್ಲ ಅಂದರೆ ಅದಕ್ಕೆ ಇದೂ ಕಾರಣ.

ವಿಚಾರಣೆಯಲ್ಲಿ ಇದನ್ನೆಲ್ಲ ಹೇಳಿದೆ. ಅಧಿಕಾರಿ ಪೂರ್ತಿ ಕೇಳಿದರು. "ಹಾಗಾದ್ರೆ ಗೋಮಾಳಕ್ಕೆ ನೀವೇನು ಮಾಡ್ತೀರಿ, ಬರೆದುಕೊಡಿ" ಅಂದರು. ಹಟ್ಟಿಗೆ ಬಂದು ಕೂತು ಮಾತಾಡಿದೆವು, ಜಗಳವೂ ಆಯಿತು. ಗೋಮಾಳದ ಅರ್ಧ ಭಾಗವನ್ನು ಹುಲ್ಲು ಬೀಜ ಕಟ್ಟುವ ತನಕ, ಅಂದರೆ ಹಸ್ತ ಚಿತ್ತ ಮಳೆ ಕಳೆಯುವ ತನಕ ಮುಚ್ಚಬೇಕು, ಮುಂದಿನ ವರ್ಷ ಇನ್ನರ್ಧ ಅನ್ನುವುದು ಒಂದು ಸಲಹೆ. ದನ ಇರುವವರು ಒಪ್ಪಿದರು. ದೊಡ್ಡ ಹಿಂಡಿನವರು "ಆ ಮೂರು ತಿಂಗಳು ನಮ್ಮ ಕುರಿ ಮಣ್ಣು ತಿನ್ಬೇಕಾ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಕೊನೆಗೆ ಬಿತ್ತನೆಯಾಗದ ಬೀಳು ಹೊಲಗಳ ಮಾಲೀಕರು ಆ ತಿಂಗಳುಗಳಲ್ಲಿ ಮೇಯಲು ಬಿಡುವುದು, ಬದಲಿಗೆ ಶೇಂಗಾ ಕಿತ್ತ ಮೇಲೆ ಅವರ ಹೊಲದಲ್ಲಿ ದುಡ್ಡಿಲ್ಲದೆ ಮಂದೆ ನಿಲ್ಲಿಸುವುದು ಅಂತ ತೀರ್ಮಾನವಾಯಿತು. ಜಾಲಿ ಬುಡ ಸಮೇತ ತೆಗೆಯುವುದು, ದನಕುರಿ ನೀರು ಕುಡಿಯುವ ಗೋಕಟ್ಟೆಯ ಹೂಳೆತ್ತುವುದು, ಇಳಿಜಾರಿನಲ್ಲಿ ಟ್ರೆಂಚ್ ಹೊಡೆಯುವುದು ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಗೆ ಸೇರಿತು. ಇದನ್ನೇ ಬರೆದು ಕೊಟ್ಟೆವು.

ಕಚೇರಿಯಿಂದ ಬಂದ ಉತ್ತರ ಚಿಕ್ಕದಿತ್ತು. ಜಾನುವಾರು ಎಣಿಕೆ ಮತ್ತೆ ಮಾಡಿ ವರದಿ ಕೊಡಿ ಅಂತ ಕಡತ ಹಿಂದಕ್ಕೆ ಬಂತು.

ಅದೇ ಹೊತ್ತಿಗೆ ದೇಶದ 21ನೇ ಜಾನುವಾರು ಗಣತಿ ಶುರುವಾಯಿತು. 2024ರ ಅಕ್ಟೋಬರ್ 25ಕ್ಕೆ. ನನಗೆ ಇದು ದೊಡ್ಡ ಸುದ್ದಿ. ಯಾಕೆಂದರೆ ಅಲೆಮಾರಿ ಪಶುಪಾಲಕರ ಮಾಹಿತಿಯನ್ನು ಗಣತಿಯಲ್ಲಿ ಪ್ರತ್ಯೇಕವಾಗಿ ಕೇಳಿದ್ದು ಇದೇ ಮೊದಲು. 2019ರ 20ನೇ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ನಮ್ಮದೇ ಮೂರನೇ ಸ್ಥಾನ. ಆದರೆ ಅದರಲ್ಲಿ ಎಷ್ಟು ಕುರಿ ಮನೆಯಲ್ಲೇ ಇರುತ್ತವೆ, ಎಷ್ಟು ವರ್ಷದ ಅರ್ಧ ದಾರಿಯಲ್ಲಿರುತ್ತವೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಲಸಿಕೆ ಯಾವ ತಿಂಗಳು ಯಾವ ತಾಲ್ಲೂಕಿಗೆ ಕಳಿಸಬೇಕು, ಬರಗಾಲದಲ್ಲಿ ಮೇವು ಎಲ್ಲಿಡಬೇಕು, ಕುಡಿಯುವ ನೀರಿನ ತೊಟ್ಟಿ ಯಾವ ದಾರಿಯಲ್ಲಿ ಬೇಕು ಅಂತ ಯಾರಾದರೂ ಹೇಗೆ ತೀರ್ಮಾನಿಸುತ್ತಾರೆ?

ಗಣತಿಗೆ ಬರುವವರು ಪಶು ಇಲಾಖೆಯವರೇ, ನನಗೆ ಪರಿಚಯ ಇತ್ತು. ಅವರನ್ನು ಕಾಡಿ ಬೇಡಿ ಒಂದು ಕೆಲಸ ಮಾಡಿಸಿಕೊಂಡೆ. ಹಿಂಡು ಹೊರಡುವ ಮೊದಲೇ ನಮ್ಮ ಹಟ್ಟಿಗೆ ಬರಬೇಕು, ಹಗಲಲ್ಲಿ ಬರಬಾರದು. ಹಗಲಲ್ಲಿ ಬಂದರೆ ಮನೆಯಲ್ಲಿ ಮುದುಕರು ಮಾತ್ರ ಇರುತ್ತಾರೆ, ಕುರಿ ಹೊಲದಲ್ಲಿರುತ್ತವೆ. ಹೊತ್ತು ಮುಳುಗುವ ಮುಂಚೆ ಅವರು ಬಂದರು. ಕುರಿ ದೊಡ್ಡಿಗೆ ತಿರುಗುವ ಹೊತ್ತು. ಫೋನಿನಲ್ಲಿ ಒಂದೊಂದೇ ಮನೆಯದು ತುಂಬಿಸುತ್ತಾ ಹೋದರು. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ, ಗುಡಿ ಕಟ್ಟೆ ಮೇಲೆ ನಿಂತರೆ ಮಾತ್ರ ಮಾಹಿತಿ ಹೋಗುತ್ತಿತ್ತು. ತಳಿ ಯಾವುದು ಅಂತ ಕೇಳುವ ಕಡೆ ಚರ್ಚೆಯಾಯಿತು. ಹಟ್ಟಿಯವರು "ನಾಟಿ" ಅಂದರು. ಉಣ್ಣೆ, ಬಣ್ಣ, ಕಿವಿ ನೋಡಿ ಗಣತಿಯವರು ಬಳ್ಳಾರಿ ತಳಿ, ಮಿಶ್ರ ತಳಿ ಅಂತ ಬೇರೆ ಬೇರೆ ಮಾಡಿ ಬರೆದರು. ಕಂಬಳಿಗೆ ಬೇಕಾದ ಕಪ್ಪು ಉಣ್ಣೆಯ ಕುರಿ ಎಷ್ಟು ಕಡಿಮೆಯಾಗಿವೆ ಅನ್ನುವುದು ಅವತ್ತು ನಮ್ಮ ಕಣ್ಣಿಗೇ ಬಿತ್ತು. ಮಾಂಸದ ತೂಕ ನೋಡಿ ಟಗರು ತರುತ್ತಾ ತರುತ್ತಾ ಹಳೇ ಕುರಿ ಕೈಬಿಟ್ಟಿದ್ದೇವೆ. ದೂರ ನಡೆಯುವ, ಒಣ ಮೇವಿಗೆ ಒಗ್ಗುವ ತಳಿ ಅದು. ಈ ವಿಷಯ ಇನ್ನೊಮ್ಮೆ ಬರೆಯಬೇಕು.

ಗೋಮಾಳದ ಮರು ಎಣಿಕೆಗೂ ಅದೇ ತಿಂಗಳು ದಿನ ಗೊತ್ತು ಮಾಡಿಸಿಕೊಂಡೆವು. ಹೊಸ ಪಟ್ಟಿಯಲ್ಲಿ ಕುರಿಗಳ ಸಂಖ್ಯೆ ಹಳೆಯದರ ಎರಡು ಪಟ್ಟು ದಾಟಿತು. ಹೆಚ್ಚುವರಿ ಅಂತ ತೋರಿಸಿದ್ದ ಜಮೀನಿನಲ್ಲಿ ಬಹುಪಾಲು ಮೀಸಲಾಗಿಯೇ ಉಳಿಯಿತು. ರಸ್ತೆ ಬದಿಯ ಒಂದು ತುಂಡಿನ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದರಲ್ಲಿ ಒಂದಷ್ಟು ಒತ್ತುವರಿ ಇದೆ, ಒತ್ತುವರಿ ಮಾಡಿದವರಲ್ಲಿ ನಮ್ಮ ಹಟ್ಟಿಯವರೂ ಇದ್ದಾರೆ. ಅದನ್ನು ಬಿಡಿಸುವುದು ಕಚೇರಿಗೆ ಅಲೆಯುವುದಕ್ಕಿಂತ ಕಷ್ಟದ ಕೆಲಸ.

ಈ ನಡುವೆ 2025ರಲ್ಲಿ ಕರ್ನಾಟಕದಲ್ಲಿ ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೂ ದೌರ್ಜನ್ಯದಿಂದ ರಕ್ಷಣೆಗೂ ಪ್ರತ್ಯೇಕ ಮಸೂದೆ ಬಂತು. ದಾರಿಯಲ್ಲಿ ಹಲ್ಲೆ, ರಾತ್ರಿ ಕುರಿ ಕಳವು ಅನುಭವಿಸಿದ ನಮ್ಮವರಿಗೆ ಇದು ಸಣ್ಣ ಮಾತಲ್ಲ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಸಭೆಗಳು ನಡೆಯಲಿ, ಒಳ್ಳೆಯದೇ. ಸಭೆ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಗೋಮಾಳದ ನಿಯಮಕ್ಕೆ ಒಂದು ಸಾಲು ಸೇರಿಸಲಿ: ವಲಸೆ ಹೋಗುವ ಹಿಂಡುಗಳನ್ನು ಅವು ಊರಲ್ಲಿರುವ ಕಾಲದಲ್ಲೇ ಎಣಿಸಬೇಕು. ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ ಇಂಥದ್ದು ಆಗಲೇ ಇದೆ. ಪಶುಪಾಲಕರ ಹಕ್ಕಿನ ಅರ್ಜಿಯನ್ನು ಅವರು ಅಥವಾ ಅವರ ಪ್ರತಿನಿಧಿಗಳು ಹಾಜರಿರುವ ಹೊತ್ತಿನಲ್ಲೇ ಪರಿಶೀಲಿಸಬೇಕು ಅಂತ 12ನೇ ನಿಯಮ ಹೇಳುತ್ತದೆ. ಕಾಡಿಗೆ ಸಾಧ್ಯವಾದದ್ದು ಗೋಮಾಳಕ್ಕೆ ಯಾಕೆ ಆಗಬಾರದು, ಅಲ್ವಾ?

ನಿಮ್ಮ ಊರಲ್ಲೂ ಕುರಿ ಹೊರಗೆ ಹೋಗುತ್ತಿದ್ದರೆ ಗೋಮಾಳದ ಪಹಣಿ, ಗ್ರಾಮ ನಕ್ಷೆ ಈಗಲೇ ತೆಗೆಸಿಟ್ಟುಕೊಳ್ಳಿ. ನೋಟಿಸು ಬಂದ ಮೇಲೆ ಓಡಾಡುವುದು ಕಷ್ಟ. ಲಸಿಕೆ ಹಾಕಿಸಿದ ದಿನ ಹಿಂಡಿನ ಸಂಖ್ಯೆ ಬರೆಸಿ ಡಾಕ್ಟರ ಸಹಿ ಹಾಕಿಸಿಕೊಳ್ಳಿ. ಮಂದೆ ನಿಲ್ಲಿಸಿದ ಗದ್ದೆಯವರಿಂದ ವರ್ಷಕ್ಕೊಂದು ಕಾಗದ ಇಸ್ಕೊಳ್ಳಿ. ಪಂಚಾಯಿತಿಯಿಂದ ಯಾರಾದರೂ ಜಾನುವಾರು ಎಣಿಸುವುದಕ್ಕೆ ಬಂದರೆ ಪಟ್ಟಿಯಲ್ಲಿ ತಾರೀಕು ಹಾಕಿಸಿ, ಹೊರಗೆ ಹೋದ ಕುರಿಗಳಿಗೆ ಬೇರೆ ಸಾಲು ಬರೆಸಿ, ಆಮೇಲೆ ಸಹಿ ಮಾಡಿ.